ಬರಿನೆಲದವರು

ನೆಲ ಮಾಡುವುದು ನನ್ನ ಕಸುಬು. ನಮ್ಮ ದ್ವೀಪದಲ್ಲಿ ಯಾರ ಮನೆಗಾದರೂ ಬರಿಗಾಲಲ್ಲಿ ಹೋಗಿ, ಅಂಗಾಲಿಗೆ ಹಿತವೆನಿಸಿದರೆ ಅದು ನಾನು ಮಾಡಿದ ನೆಲ, ಇಲ್ಲವೇ ನನ್ನ ಅತ್ತೆ ಮಾಡಿದ್ದು. ಇದನ್ನು ಜಂಬವೆಂದು ಕರೆಯುವವರು ಧಾರಾಳವಾಗಿ ಕರೆಯಲಿ. ಚಿಪ್ಪು ಆರಿಸಿ, ಗೂಡಿನಲ್ಲಿ ಸುಟ್ಟು, ಸುಣ್ಣ ಅರಳಿಸಿ, ಮರಳು ಬೆರೆಸಿ, ಬೆಲ್ಲದ ನೀರು ಹಾಕಿ ಏಳು ದಿನ ಕುಟ್ಟಿ, ಆಮೇಲೆ ಮಂಡಿಯೂರಿ ನುಣುಪುಗಲ್ಲಿನಿಂದ ತಿಕ್ಕುವವರಿಗೆ ಅಷ್ಟಾದರೂ ಜಂಬ ಇರದಿದ್ದರೆ ಮಂಡಿನೋವು ತಡೆಯಲಾಗುವುದಿಲ್ಲ. ನನ್ನ ಹೆಸರು ಹೊನ್ನಮ್ಮ. ಸುಣ್ಣದವರ ಓಣಿಯಲ್ಲಿ ಬಾವಿಯಿಂದ ಮೂರನೆಯ ಮನೆ.

ನಾವು ಎಷ್ಟೇ ಗಟ್ಟಿಯಾಗಿ ಮಾಡಿದರೂ ನಮ್ಮ ಊರಿನಲ್ಲಿ ನೆಲ ಹಾಗೇ ಉಳಿಯುತ್ತದೆಂದು ಹೇಳುವಂತಿಲ್ಲ. ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾದ ವಾರದಲ್ಲಿ ಯಾವುದಾದರೂ ಒಂದು ಮನೆಯಲ್ಲಿ ನೆಲ ಏಳುತ್ತದೆ. ಇದ್ದದ್ದು ಕೆಳಗೆ ಹೋಗುತ್ತದೆ, ಹಿಂದಿನ ಕಾಲದ್ದೊಂದು ಮೇಲೆ ಬರುತ್ತದೆ. ಹೆಚ್ಚಾಗಿ ಮಧ್ಯಾಹ್ನವೇ, ಅನ್ನ ಬಸಿಯುವ ಹೊತ್ತಿಗೆ. ಸಣ್ಣಗೆ ನಡುಗಲು ಶುರುವಾದ ಕೂಡಲೇ ಮನೆಯವರು ಮಕ್ಕಳನ್ನೂ ಪಾತ್ರೆಗಳನ್ನೂ ಎತ್ತಿಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಒಂದು ತಾಸಿನಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಗುಡಿಸಿ ಒಳಗೆ ಹೋಗುವುದು.

ಇದಕ್ಕೊಂದು ಕಟ್ಟಳೆ ಉಂಟು. ಎದ್ದ ನೆಲದಲ್ಲಿ ಒಲೆ ಎಲ್ಲಿದೆಯೋ ಅಲ್ಲೇ, ಅದೇ ದಿನ ಹೊತ್ತು ಮುಳುಗುವ ಮೊದಲು ಬೆಂಕಿ ಹಾಕಬೇಕು. ಮುಂದಿನ ನೆಲ ಏಳುವವರೆಗೂ ಅಡುಗೆ ಅಲ್ಲಿಯೇ. ಒಲೆ ಮಲಗುವ ಕೋಣೆಯಲ್ಲಿ ಬಂದರೆ ಮಲಗುವವರು ಜಾಗ ಬಿಡಬೇಕು. ಕುಂಬಾರರ ಈರಕ್ಕನ ಮನೆಯಲ್ಲಿ ಅದು ಹೊಸ್ತಿಲಿಗೆ ತಾಗಿಕೊಂಡೇ ಬಂದು, ಎರಡು ವರ್ಷ ಅವಳ ಮನೆಯ ನೆಂಟರು ಕಿಟಕಿಯಿಂದ ಒಳಗೆ ಬಂದರು. ಈರಕ್ಕನಿಗೆ ಅದೇನೂ ಕಷ್ಟವಾಗಲಿಲ್ಲ. ದಪ್ಪಗಿನ ನೆಂಟರು ಬರುವುದು ನಿಂತಿತು ಎಂದು ನಗುತ್ತಿದ್ದಳು.

ಊರಿನ ಬಾಕಿ ವ್ಯವಹಾರವೆಲ್ಲ ಸಾಲಿನ ಪ್ರಕಾರ. ಯಾರು ಮೊದಲು ಈ ದ್ವೀಪಕ್ಕೆ ಬಂದರೋ ಅವರದು ಮೊದಲ ಸಾಲು. ಮೊದಲ ಸಾಲು ದೋಣಿಯವರದು, ಎರಡನೆಯದು ಉಪ್ಪಿನವರದು, ಮೂರನೆಯದು ಕುಂಬಾರರದು, ಕೊನೆಯದು ಸುಣ್ಣದವರಾದ ನಮ್ಮದು. ಸಿಹಿನೀರಿನ ಬಾವಿಗೆ ಕೊಡ ಇಳಿಸುವುದರಿಂದ ಹಿಡಿದು ಸಭೆಯಲ್ಲಿ ಮಾತಾಡುವುದರವರೆಗೂ ಇದೇ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಸರದಿ ಬರುವಾಗ ಕೊಡದಲ್ಲಿ ಅರ್ಧ ಕೆಸರು. ಸಾಲನ್ನು ಹಾಕಿದ್ದು ನೆಲ ನೋಡಿಯೇ. ಯಾರ ಮನೆಯಲ್ಲಿ ಮೊದಲು ಹಳೆಯ ನೆಲ ಎದ್ದಿತೋ ಅವರ ಬುಡವೇ ಹಳೆಯದು ಎಂದು ಹಿರಿಯರು ತೀರ್ಮಾನಿಸಿದ್ದರಂತೆ. ದೋಣಿಯವರ ಮನೆಯಲ್ಲಿ ಮೊದಲು ಎದ್ದಿತು. ನಮ್ಮ ಓಣಿಯ ಇಪ್ಪತ್ತೆರಡು ಮನೆಗಳಲ್ಲಿ ಒಂದರಲ್ಲೂ, ಒಮ್ಮೆಯೂ, ಏನೂ ಏಳಲಿಲ್ಲ. ಅದಕ್ಕೇ ನಮಗೆ ಬರಿನೆಲದವರೆಂದು ಹೆಸರು. ಊರಿಗೆಲ್ಲ ನೆಲ ಮಾಡಿಕೊಟ್ಟವರಿಗೆ ಇಂಥ ಹೆಸರು ಬಿದ್ದಿತಲ್ಲ ಎಂದು ನನ್ನ ಅತ್ತೆ ಸಾಯುವವರೆಗೂ ಉರಿದುಕೊಂಡಿದ್ದಳು. ಆ ಉರಿಯನ್ನು ನನಗೆ ಬಿಟ್ಟುಹೋದಳು.

ಸಾಲಿನಲ್ಲಿ ಇನ್ನೊಂದು ಮಾತು ಸೇರಿತ್ತು. ಜಾಗ ಸಾಲದೇ ಹೋದರೆ ಕೊನೆಗೆ ಬಂದವರು ಮೊದಲು ಹೋಗಬೇಕು. ನಮ್ಮ ಕಾಲದವರೆಗೂ ಅದು ಬರೀ ಮಾತಾಗಿತ್ತು. ಎರಡು ಮಳೆಗಾಲದಲ್ಲಿ ಕಡಲು ಪಡುವಣ ದಂಡೆಯನ್ನು ಕೊರೆದು ದೋಣಿಯವರ ಹದಿನಾಲ್ಕು ಮನೆಗಳನ್ನು ಒಯ್ದಾಗ ಅದು ನಿಜವಾಯಿತು. ಮನೆ ಹೋದವರಲ್ಲಿ ಮೊದಲ ಸಾಲಿನ ಹಿರಿಯ ಶೇಷಪ್ಪಯ್ಯನ ಮಗನೂ ಒಬ್ಬ. ಅಪ್ಪನ ಮನೆ ಮೊದಲೇ ತುಂಬಿದ್ದರಿಂದ ಹೆಂಡತಿ ಮಕ್ಕಳೊಂದಿಗೆ ದೋಣಿ ಚಪ್ಪರದ ಕೆಳಗೆ ಮಲಗುತ್ತಿದ್ದ. ಅದನ್ನು ನೋಡಿ ನನಗೂ ಸಂಕಟವಾಗುತ್ತಿತ್ತು. ಆದರೆ ಸಭೆ ಕೂಡಿಸಿ ಶೇಷಪ್ಪಯ್ಯ ಹೇಳಿದ್ದೇನು?

"ಸುಣ್ಣದವರು ಮಳೆಗಾಲ ಮುಗಿದ ಕೂಡ್ಲೇ ಆಚೆ ದಡಕ್ಕೆ ಹೋಗಬೇಕು. ದೋಣಿ ನಾವೇ ಕೊಡ್ತೇವೆ. ಇದು ನನ್ನ ಮಾತಲ್ಲ, ಸಾಲಿನ ಮಾತು."

ನಮ್ಮ ಸರದಿ ಕೊನೆಯದಾದ್ದರಿಂದ ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಸಭೆ ಎದ್ದು ಹೋಗಿತ್ತು.

ಆ ಹೊತ್ತಿಗೆ ವಾರಿಜಾ ಮೇಡಂ ಊರಿಗೆ ಬಂದು ಒಂದು ವರ್ಷವಾಗಿತ್ತು. ದ್ವೀಪಗಳಲ್ಲಿ ಹಿಂದಿನವರು ಹೇಗೆ ಬದುಕಿದ್ದರು, ಯಾವಾಗ ಬದಲಾದರು ಎಂದು ಮಣ್ಣು ನೋಡಿ ಹೇಳುವುದು ಅವರ ಕೆಲಸ. ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ತಲೆಗೊಂದು ಟವೆಲ್ ಸುತ್ತಿಕೊಂಡು ಓಡಾಡುತ್ತಿದ್ದರು. "ಬೇರೆ ದ್ವೀಪಗಳಲ್ಲಿ ಅಗೆದು ಅಗೆದು ನನ್ನ ಸೊಂಟ ಹೋಯಿತು ಹೊನ್ನಮ್ಮ, ಇಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು" ಎನ್ನುತ್ತಿದ್ದರು. ನೆಲ ಅರಿತವರು ಬೇಕೆಂದು ಕೇಳಿದಾಗ ಎಲ್ಲರೂ ನನ್ನ ಮನೆ ತೋರಿಸಿದ್ದರು. ಅಷ್ಟರ ಮಟ್ಟಿಗೆ ಊರಿಗೆ ನ್ಯಾಯ ಉಂಟು.

ಆ ವರ್ಷ ಶೇಷಪ್ಪಯ್ಯನ ಮನೆಯಲ್ಲೇ ನೆಲ ಎದ್ದಿತ್ತು. ನಾವಿಬ್ಬರೂ ಬ್ರಷ್ ಹಿಡಿದು ಇಪ್ಪತ್ತು ದಿನ ಅದನ್ನು ಉಜ್ಜಿದೆವು. ಶೇಷಪ್ಪಯ್ಯನಿಗೆ ಖುಷಿಯೋ ಖುಷಿ. ತನ್ನ ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಇದ್ದ ಹನ್ನೊಂದು ಗೂಡುಗಳನ್ನು ಮೇಡಂಗೆ ತೋರಿಸಿದ. ಅವರ ಮನೆಯಲ್ಲಿ ನೆಲ ಎದ್ದಾಗಲೆಲ್ಲ ಅದರ ಮೇಲೆ ಸಿಕ್ಕ ಸಾಮಾನನ್ನು ಒಂದೊಂದು ಗೂಡಿನಲ್ಲಿ ಇಟ್ಟಿದ್ದರು. ಮೊದಲ ಗೂಡು ಅವನ ಮುತ್ತಜ್ಜನ ಮುತ್ತಜ್ಜನ ಕಾಲದ್ದು. ಅದರಲ್ಲಿ ಬಣ್ಣದ ಗಾಜಿನ ಮಣಿ, ಹೂ ಬಿಡಿಸಿದ ಹೆಂಚಿನ ಚೂರು, ಕಬ್ಬಿಣದ ಚಿಲಕ. ಕೊನೆಯ ಗೂಡಿನಲ್ಲಿ ಈ ವರ್ಷದ್ದು, ಕೈಯಲ್ಲಿ ತಟ್ಟಿದ ಕಪ್ಪು ಮಡಕೆಯ ಒಡಕು, ಮೂಳೆಯ ಸೂಜಿ.

"ನೋಡಿ ಮೇಡಂ, ಮೊದಲ ಗೂಡಿಂದು ಎಲ್ಲಕ್ಕಿಂತ ಹಳೇದು. ಆ ನೆಲದಲ್ಲಿ ಏಳು ಕೋಣೆ ಇತ್ತಂತೆ. ಯಜಮಾನರು ಕೂರಲಿಕ್ಕೆ ಕಟ್ಟೆ, ಆಳುಗಳಿಗೆ ಬೇರೆ ಬಾಗಿಲು. ಈಗಿನ ನೆಲ ನೋಡಿ, ಒಂದೇ ಒಂದು ಗೋಡೆ ಉಂಟು. ಕಾಲ ಹೋದ ಹಾಗೆ ನಮ್ಮವರ ಸ್ಥಿತಿ ಇಳೀತಾ ಬಂತು" ಎಂದು ಶೇಷಪ್ಪಯ್ಯ ಉಸಿರು ಬಿಟ್ಟ.

ಮೇಡಂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನೆಲದ ಮೇಲೆ ನೆಲ ಹಾಕುವುದು ನನಗೆ ತಿಳಿಯದ್ದೇ? ಹಳೆಯದರ ಮೇಲೆಯೇ ಹೊಸದನ್ನು ಬಳಿಯುವುದು. ಏಳುವಾಗ ಮೇಲಿನದು ಮೊದಲು ಏಳುತ್ತದೆ, ಅಡಿಯದು ಕೊನೆಗೆ. ಮೊದಲ ಗೂಡಿನದೇ ಎಲ್ಲಕ್ಕಿಂತ ಹೊಸದು. ಇಷ್ಟು ಕಾಲ ಆ ಗೂಡುಗಳ ಮುಂದೆ ಎಷ್ಟು ಸಲ ನೆಲ ತಿಕ್ಕಿದ್ದೇನೋ, ಒಂದು ಸಲವೂ ನನಗಿದು ಹೊಳೆದಿರಲಿಲ್ಲ. ಸಾಲು ನನ್ನ ತಲೆಯೊಳಗೂ ಅಷ್ಟು ಗಟ್ಟಿಯಾಗಿ ಕೂತಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಹೊರಗೆ ಬಂದ ಮೇಲೆ ಮೇಡಂ ಹೇಳಿದರು: "ಇವರ ಸ್ಥಿತಿ ಇಳಿದದ್ದಲ್ಲ ಹೊನ್ನಮ್ಮ. ಮೊದಲು ಗೋಡೆಗಳೇ ಇರಲಿಲ್ಲ. ಆಮೇಲೆ ಒಂದು ಬಂತು, ಆಮೇಲೆ ಏಳು. ಕಟ್ಟೆಯಂತೂ ತೀರಾ ಈಚಿನದು."

"ಹಾಗಾದ್ರೆ ಯಾರ ಮನೇಲಿ ತಡವಾಗಿ ಏಳ್ತದೋ ಅವರದ್ದು ಹಳೇದು ಅಂತಾಯ್ತು."

"ಹಾಗೇ ಇರಬಹುದು. ಆದರೆ ನಿಮ್ಮ ಓಣಿಯಲ್ಲಿ ಏನಾದರೂ ಎದ್ದರೆ ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಇಲ್ಲದೇ ಹೋದರೆ ಅದು ಊಹೆ."

ಊಹೆಯಾದರೂ ಆಗಲಿ ಎಂದು ನಾನು ಮುಂದಿನ ಸಭೆಯಲ್ಲಿ ನನ್ನ ಸರದಿಗೆ ಕಾಯದೆ ಎದ್ದು ನಿಂತೆ. ಸಾಲು ಹಾಕುವಾಗಲೇ ತಲೆಕೆಳಗಾಗಿದೆ ಎಂದು ಗೂಡುಗಳ ಲೆಕ್ಕ ಬಿಡಿಸಿ ಹೇಳಿದೆ. ಮೇಡಂ ಕೂಡ ನನ್ನ ಪಕ್ಕ ನಿಂತು ಹೌದೆಂದರು. ಶೇಷಪ್ಪಯ್ಯ ಸಿಟ್ಟು ಮಾಡಲಿಲ್ಲ, ಗದರಲಿಲ್ಲ. ಸಣ್ಣ ಮಗುವಿಗೆ ಹೇಳುವಂತೆ ಹೇಳಿದ.

"ಹೊನ್ನಿ, ತಡವಾಗಿ ಏಳೋದು ಬೇರೆ, ಏಳದೇ ಇರೋದು ಬೇರೆ. ನಿಮ್ಮ ಓಣೀಲಿ ಎಂತದು ಎದ್ದಿದೆ, ತೋರಿಸು ನೋಡುವ."

ಸಭೆ ನಕ್ಕಿತು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಮನೆಗೆ ಬಂದು ನನ್ನ ಅಡುಗೆಮನೆಯ ನೆಲಕ್ಕೆ ಗೆಣ್ಣಿನಿಂದ ತಟ್ಟಿ ನೋಡಿದೆ. ನಮ್ಮವರು ನೆಲದ ಅಡಿಯಲ್ಲಿ ಏನುಂಟೆಂದು ತಿಳಿಯುವುದು ಹೀಗೆ. ಅಡಿಯಲ್ಲಿ ಇನ್ನೊಂದು ನೆಲ ಇದ್ದರೆ ಗಡುಸಾಗಿ ಮರುದನಿ ಬರುತ್ತದೆ. ಶೇಷಪ್ಪಯ್ಯನ ಮನೆಯಲ್ಲಿ ಈಗಲೂ ಬರುತ್ತದೆ. ನನ್ನ ಮನೆಯಲ್ಲಿ ಬರಲಿಲ್ಲ. ತೀರಾ ಆಳದಲ್ಲಿದ್ದರೂ ಬರುವುದಿಲ್ಲ, ಇಲ್ಲದೇ ಇದ್ದರೂ ಬರುವುದಿಲ್ಲ. ಗೆಣ್ಣು ಕೆಂಪಾಗುವವರೆಗೆ ತಟ್ಟಿ, ಕೂತು ಅತ್ತುಬಿಟ್ಟೆ.

ಮಳೆಗಾಲ ಮುಗಿಯಿತು. ಹೋಗುವ ದಿನ ಬಂತು. ಇಪ್ಪತ್ತೆರಡು ಮನೆಯವರೂ ಬೆಳಿಗ್ಗೆಯಿಂದ ಸಾಮಾನು ಹೊತ್ತು ದೋಣಿ ದಕ್ಕೆಗೆ ಸಾಗಿಸಿದೆವು. ಪಾತ್ರೆ, ಚಾಪೆ, ಸುಣ್ಣದ ಗೂಡಿನ ಸಲಿಕೆ, ನನ್ನ ಅತ್ತೆಯ ನುಣುಪುಗಲ್ಲುಗಳು, ಎಲ್ಲವೂ ದೋಣಿಗಳಲ್ಲಿ. ಮಧ್ಯಾಹ್ನ ಕಡಲಿನ ಇಳಿತಕ್ಕೆ ಹೊರಡುವುದೆಂದಾಗಿತ್ತು. ನಾನು ಮಾತ್ರ ಖಾಲಿ ಮನೆಗೆ ಹಿಂತಿರುಗಿ ಕಸ ಗುಡಿಸುತ್ತಿದ್ದೆ. ನಾಳೆ ಈ ಮನೆಗೆ ಬರುವವನು ಶೇಷಪ್ಪಯ್ಯನ ಮಗ. ಸುಣ್ಣದವರು ಕೊಳಕು ನೆಲ ಬಿಟ್ಟುಹೋದರು ಎನ್ನುವ ಒಂದು ಮಾತನ್ನೂ ಅವನ ಬಾಯಿಂದ ಬರಗೊಡಬಾರದೆಂದು ನನ್ನ ಹಟ. ನನ್ನ ನಾದಿನಿ ದುಗ್ಗಮ್ಮ ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು.

"ಅವರ ಮನೆ ನೀವ್ಯಾಕೆ ಗುಡಿಸ್ತೀರಿ ಅತ್ತಿಗೆ? ಕಸ ಹಾಕಿಯೇ ಹೋಗುವ."

ಆಗ ಪೊರಕೆ ನನ್ನ ಕೈಯಲ್ಲಿ ನಡುಗಿತು. ನನ್ನದೇ ಕೈ ನಡುಗುತ್ತಿದೆ ಎಂದುಕೊಂಡೆ. ಆಮೇಲೆ ಹಲ್ಲು ಕಟಕಟ ಎಂದಿತು. ದುಗ್ಗಮ್ಮ ನನ್ನ ರಟ್ಟೆ ಹಿಡಿದು ಓಣಿಯಿಂದ ಹೊರಗೆ, ಬಾವಿಕಟ್ಟೆಯವರೆಗೂ ಎಳೆದುಕೊಂಡು ಓಡಿದಳು.

ನಮ್ಮ ಊರಿನವರಿಗೆ ನೆಲ ಏಳುವುದು ಹೊಸತಲ್ಲ. ಆದರೆ ಅದು ಒಂದು ಮನೆಯಲ್ಲಿ ಏಳುತ್ತದೆ. ಅಂದು ಇಪ್ಪತ್ತೆರಡು ಮನೆಗಳಲ್ಲಿ ಒಟ್ಟಿಗೆ ಎದ್ದಿತು, ಓಣಿಯೂ ಎದ್ದಿತು. ಮನೆ ಮನೆಗಳ ನಡುವಿನ ಗೋಡೆಗಳು ವಾಲಿ, ಮಾಡು ಜಾರಿ, ಎಲ್ಲ ಮಗುಚಿಕೊಂಡವು. ಮನೆಗಳು ಖಾಲಿಯಿದ್ದದ್ದರಿಂದ ಒಂದು ಕೋಳಿಗೂ ಪೆಟ್ಟಾಗಲಿಲ್ಲ. ನಮ್ಮನ್ನು ಹೊರಗೆ ಹಾಕಿದವರೇ ನಮ್ಮ ಜೀವ ಉಳಿಸಿದಂತಾಯಿತು. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ದಕ್ಕೆಯಿಂದ ನಮ್ಮವರೂ, ಉಳಿದ ಓಣಿಗಳಿಂದ ಊರವರೂ ಬಂದು ಸೇರಿದರು.

ಹೆಂಚು, ಮಣ್ಣುಗಳ ರಾಶಿಯ ನಡುವೆ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಒಂದೇ ನೆಲ. ಊರೆಲ್ಲ ಸೇರಿ ರಾಶಿಯನ್ನು ಬದಿಗೆ ಎಳೆದೆವು. ಯಾರೂ ಹೇಳಬೇಕಾಗಲಿಲ್ಲ. ನಮ್ಮ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಗೋಡೆಯ ಗುರುತೂ ಇಲ್ಲದ, ದುಂಡನೆಯ ಗಾರೆನೆಲ. ನಾನು ಮಂಡಿಯೂರಿ ಉಗುರಿನಿಂದ ಗೀರಿದೆ. ಉಗುರು ಇಳಿಯಲಿಲ್ಲ. ಅಂಗೈಯಿಂದ ಸವರಿದೆ. ಕಡಲಿನ ಸಣ್ಣ ಬಿಳಿ ಚಿಪ್ಪನ್ನೇ ಸುಟ್ಟು, ಏಳು ದಿನ ಕುಟ್ಟಿ, ಬಲದಿಂದ ಎಡಕ್ಕೆ ತಿಕ್ಕಿದ ನೆಲ. ಬಲದಿಂದ ಎಡಕ್ಕೆ ತಿಕ್ಕುವುದು ನಮ್ಮ ಮನೆತನದ ಹೆಂಗಸರು ಮಾತ್ರ. ಆಚೆ ದಡದವರು ಹಾಗೆ ತಿಕ್ಕುವುದಿಲ್ಲ, ಕೇಳಿದರೆ ನಗುತ್ತಾರೆ. ಈ ನೆಲವನ್ನು ಮಾಡಿದವಳು ನಮ್ಮವಳು. ಅವಳು ನನಗಿಂತ ಚೆನ್ನಾಗಿ ಮಾಡಿದ್ದಳು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಷ್ಟು ಹೆಮ್ಮೆ ನನಗೆ ಅದಕ್ಕಿಂತ ಮೊದಲು ಯಾವತ್ತೂ ಆಗಿರಲಿಲ್ಲ.

ಮೇಡಂ ನೆಲದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಲೆಗಳನ್ನು ಎಣಿಸುತ್ತಿದ್ದರು. ಸುತ್ತಲೂ ಒಂಬತ್ತು ಒಲೆಗಳಿದ್ದವು. ಒಂದರ ಬಳಿ ರಾಶಿ ಮೀನಿನ ಮೂಳೆ, ಬಲೆಯ ಕಲ್ಲುಗುಂಡು. ಇನ್ನೊಂದರ ಬಳಿ ಉಪ್ಪು ಕಾಯಿಸಿದ ಪಾತ್ರೆಯ ಬೋಕಿ. ಮತ್ತೊಂದರ ಬಳಿ ಸುಟ್ಟು ಸೊಟ್ಟಗಾದ ಮಡಕೆ. ಇನ್ನೊಂದರ ಬಳಿ ಚಿಪ್ಪಿನ ಬೂದಿ.

"ಇದಕ್ಕಿಂತ ಹಳೆಯದು ಈ ದ್ವೀಪದಲ್ಲಿ ನನಗೆ ಸಿಕ್ಕಿಲ್ಲ" ಎಂದು ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು. "ಈಗ ಇದು ಊಹೆಯಲ್ಲ."

ದುಗ್ಗಮ್ಮ ನನ್ನ ಬೆನ್ನಿಗೆ ತಿವಿದಳು. "ನೋಡಿದ್ರಾ ಅತ್ತಿಗೆ! ನಾವು ಮೊದಲ ಸಾಲು. ದೋಣಿಯವರು ಕೊನೆ. ಅವರೇ ಹೋಗ್ಲಿ ಈಗ. ದೋಣಿಯೂ ಅವರದ್ದೇ, ಸುಲಭ ಆಯ್ತು."

ನಮ್ಮವರೆಲ್ಲ ಹೌದು ಹೌದು ಎಂದರು. ಗುಂಪು ಸರಿದು ಶೇಷಪ್ಪಯ್ಯ ಮುಂದೆ ಬಂದ. ಎಪ್ಪತ್ತರ ಮನುಷ್ಯ. ನೆಲ ನೋಡುತ್ತಲೇ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಸಾಲು ಅಂದ್ರೆ ಸಾಲು" ಎಂದ. "ನಮಗೆ ಬೇಕಾದಾಗ ಒಂದು, ಬೇಡವಾದಾಗ ಒಂದು ಹೇಳುವ ಜನ ಅಲ್ಲ ನಾವು. ತಿರುಗಿತು ಅಂದ್ರೆ ತಿರುಗಿತು. ಹೊನ್ನಮ್ಮ, ನಿಮ್ಮ ಸಾಮಾನು ಇಳಿಸ್ತೇವೆ. ನಮ್ಮದು ಹಾಕ್ತೇವೆ. ನಾಳೆ ಇಳಿತಕ್ಕೆ ಹೊರಡ್ತೇವೆ."

ಅವನ ಬೆನ್ನ ಹಿಂದೆ ಸೊಸೆ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹ್ಞೂಂ ಎಂದರೆ ಮುಗಿಯಿತು. ನನ್ನ ಅತ್ತೆ ಜೀವಮಾನವೆಲ್ಲ ಕಾದ ಗಳಿಗೆ ಅದು.

ಇಲ್ಲಿ ಯಾರೂ ನನ್ನನ್ನು ಕರುಣಾಮಯಿ ಎಂದು ತಿಳಿಯಬಾರದು. ನನಗೆ ಅವರ ಮೇಲೆ ಕರುಣೆ ಬರಲಿಲ್ಲ. ಅರ್ಧ ಕೆಸರಿನ ಕೊಡಗಳೆಲ್ಲ ನನಗೆ ನೆನಪಿದ್ದವು. ನನ್ನನ್ನು ತಡೆದದ್ದು ನನ್ನ ಜಂಬವೇ. ಈ ಸಾಲು ಸುಳ್ಳೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನು. ಈಗ ಅದೇ ಸಾಲಿನ ತಲೆಗೆ ಹೋಗಿ ಕೂತರೆ ಅದನ್ನು ನಿಜ ಮಾಡಿದವಳೂ ನಾನೇ ಆಗುತ್ತೇನೆ. ಶೇಷಪ್ಪಯ್ಯ ಕೂತು ಬೆಚ್ಚಗೆ ಮಾಡಿದ ಜಾಗ ನನಗ್ಯಾಕೆ? ಅಲ್ಲದೆ ನನ್ನ ಕಣ್ಣ ಮುಂದೆ ಒಂಬತ್ತು ಒಲೆಗಳಿದ್ದವು. ನಮ್ಮವಳು ಇಷ್ಟು ಚೆಂದದ ನೆಲ ತಿಕ್ಕಿದ್ದು ಬರೀ ನಮಗೆಂದು ಅಲ್ಲ. ಒಂಬತ್ತೂ ಕಡೆ ಒಂದೇ ಹದ, ಒಂದೇ ನುಣುಪು. ದೋಣಿಯವರ ಬದಿಯನ್ನು ಅವಳು ಕಾಟಾಚಾರಕ್ಕೆ ಮಾಡಿರಲಿಲ್ಲ.

"ಹೋಗೋದು ಬರೋದು ಆಮೇಲೆ ನೋಡುವ ಶೇಷಪ್ಪಯ್ಯ" ಎಂದೆ. "ನೆಲ ಎದ್ದಿದೆ. ಹೊತ್ತು ಮುಳುಗೋದ್ರೊಳಗೆ ಒಲೆ ಹತ್ತಬೇಕು. ಒಲೆ ಒಂಬತ್ತು ಉಂಟು, ನನ್ನ ಹತ್ರ ಒಂದು ಪಾತ್ರೆಯೂ ಇಲ್ಲ. ಎಲ್ಲ ನಿಮ್ಮ ದೋಣಿಗೆ ಹಾಕಿ ಆಗಿದೆ. ಆ ಮೂಳೆ ಇರುವ ಒಲೆ ನಿಮ್ಮದು. ಬೋಕಿ ಇರುವುದು ಉಪ್ಪಿನವರದ್ದು. ಈರಕ್ಕ, ಆ ಸೊಟ್ಟ ಮಡಕೆ ನಿಮ್ಮವರದ್ದೇ, ನೋಡಿದ್ರೇ ಗೊತ್ತಾಗ್ತದೆ. ಬೂದಿ ಇರುವುದು ನಮ್ಮದು, ಉಳಿದ ಐದು ಯಾರು ಬೇಕಾದ್ರೂ ಹತ್ತಿಸಲಿ. ನಿಮ್ಮ ನಿಮ್ಮ ಪಾತ್ರೆ, ಅಕ್ಕಿ, ಕಟ್ಟಿಗೆ ತಂದು ಹತ್ತಿಸಿ."

"ಇವತ್ತಿಗೆ ಮಾತ್ರವಾ?" ಎಂದು ಈರಕ್ಕ ಕೇಳಿದಳು.

"ಕಟ್ಟಳೆ ನಿನಗೆ ಗೊತ್ತಿಲ್ವಾ? ಮುಂದಿನ ನೆಲ ಏಳುವವರೆಗೆ. ಇದರ ಕೆಳಗೆ ಇನ್ನು ನೆಲ ಉಂಟೋ ಇಲ್ವೋ ಮೇಡಂ ಹೇಳಲಿ."

ಮೇಡಂ ಇಲ್ಲವೆಂದು ತಲೆಯಾಡಿಸಿದರು. ಅಂಚಿನಲ್ಲಿ ಕಾಣುವಂತೆ ಇದರ ಕೆಳಗೆ ಬರೀ ಬಂಡೆ.

ದುಗ್ಗಮ್ಮನಿಗೆ ಸಿಟ್ಟು ಇಳಿದಿರಲಿಲ್ಲ. "ಅಡಿಗೆ ಇಲ್ಲಿ ಮಾಡಿದ್ರೆ ಆಯ್ತಾ? ನಮ್ಮ ಮನೆಗಳು ಬಿದ್ದಿವೆ. ಅವರ ಮನೆ ಕಡಲಿಗೆ ಹೋಗಿದೆ. ಮಲಗೋದು ಎಲ್ಲಿ ಅತ್ತಿಗೆ?"

ಅದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟವಳು ಉಪ್ಪಿನವರ ಮುದುಕಿ ಕಾಮಕ್ಕ. ಊರಿನಲ್ಲಿ ನಿಂತಿರುವ ಮನೆ ಎಂಬತ್ತು. ಎಲ್ಲರೂ ಇಲ್ಲೇ ಬೇಯಿಸಿದರೆ ಎಂಬತ್ತು ಅಡುಗೆಮನೆ ಖಾಲಿ. ಮಲಗಬೇಕಾದ ಸಂಸಾರ ಮೂವತ್ತಾರು. "ನನ್ನ ಅಡುಗೆಮನೆ ದೊಡ್ಡದು, ಹೊಗೆ ವಾಸನೆ ಸ್ವಲ್ಪ ಉಂಟು ಅಷ್ಟೆ. ದುಗ್ಗು, ನೀನು ಬಾ" ಎಂದಳು. ದುಗ್ಗಮ್ಮ ಮೂಗು ಸೀನಿದಳು. ಅವಳು ಒಪ್ಪಿದಳೆಂದು ನಾನು ತಿಳಿದುಕೊಂಡೆ.

ಆಮೇಲೆ ಓಡಾಟವೋ ಓಡಾಟ. ಬಿಸಿಲು ಇಳಿಯುತ್ತಿತ್ತು. ಈರಕ್ಕ ಹೊಸ ಮಡಕೆಗಳನ್ನೇ ತಲೆಯ ಮೇಲೆ ಹೊತ್ತು ತಂದಳು. ಉಪ್ಪಿನವರು ಅಕ್ಕಿ ತಂದರು. ದೋಣಿಯವರ ಹೆಂಗಸರು ಬುಟ್ಟಿಯಲ್ಲಿ ಬಂಗಡೆ ತಂದು, ಒಳಗೆ ಬರಲೋ ಬೇಡವೋ ಎಂದು ಅಂಚಿನಲ್ಲಿ ನಿಂತರು. ನಾನು ಗದರಿದ ಮೇಲೆ ಬಂದರು. ಒಂದೊಂದಾಗಿ ಎಂಟು ಒಲೆಗಳು ಹೊತ್ತಿಕೊಂಡವು. ಮೇಡಂ ಬರೆಯುವುದನ್ನು ಬಿಟ್ಟು ಈರುಳ್ಳಿ ಹೆಚ್ಚುತ್ತಾ ಕೂತಿದ್ದರು. ಯಾರು ಮೊದಲು ಹತ್ತಿಸಿದರು ಎಂದು ಆಮೇಲೆ ಅವರು ಪುಸ್ತಕಕ್ಕಾಗಿ ಕೇಳಿದರು. ನಮ್ಮಲ್ಲಿ ಒಬ್ಬರೂ ಗಮನಿಸಿರಲಿಲ್ಲ.

ಒಂಬತ್ತನೆಯದು, ಮೀನಿನ ಮೂಳೆಯ ಬದಿಯದು, ಹಸಿ ಕಟ್ಟಿಗೆಯಿಂದಾಗಿ ಬರೀ ಹೊಗೆಯಾಡುತ್ತಿತ್ತು. ಸೂರ್ಯ ನೀರಿಗೆ ತಾಗಲು ಒಂದು ಮಾರು ಉಳಿದಿತ್ತು. ಶೇಷಪ್ಪಯ್ಯ ಇನ್ನೂ ನೆಲದ ಹೊರಗೇ ನಿಂತಿದ್ದ. ಹುಟ್ಟಿದಂದಿನಿಂದ ಅವನು ಎಲ್ಲಿಗೆ ಹೋದರೂ ಅವನ ಜಾಗ ಅವನಿಗಿಂತ ಮೊದಲೇ ಅಲ್ಲಿ ಇರುತ್ತಿತ್ತು. ಇಲ್ಲಿ ಕಟ್ಟೆಯಿಲ್ಲ, ಮೂಲೆಯಿಲ್ಲ, ತಲೆಯಿಲ್ಲ, ಬುಡವಿಲ್ಲ, ದುಂಡನೆಯ ನೆಲ. ಅವನು ಸುತ್ತಲೂ ಕಣ್ಣಾಡಿಸಿ, ಕೊನೆಗೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದ.

"ಹೊನ್ನಮ್ಮ, ನಾನು ಎಲ್ಲಿ ಕೂರೋದು?"

"ಅಗೋ, ನಿಮ್ಮ ಒಲೆ ಆರ್ತಾ ಉಂಟು" ಎಂದೆ. "ಅದರ ಹತ್ರ ಕೂತು ಊದಿ."

ಶೇಷಪ್ಪಯ್ಯ ಪಂಚೆ ಮೇಲೆತ್ತಿ ಕಟ್ಟಿ, ಮಂಡಿಯೂರಿ, ಊದತೊಡಗಿದ.